ಬೈಯುವವರಿಲ್ಲದ ದಾರಿ

ವಾಂತಿ ಮಾಡಿಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರ ಬೆಳಗ್ಗೆ ಒಂಬತ್ತು ಗಂಟೆ, ಹಳೆಯ ಕಲ್ಲುಗಣಿಯ ತಿರುವು. ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟು ವ್ಯವಧಾನವೂ ಸಿಗಲಿಲ್ಲ, ಅರ್ಧ ಹೆಲ್ಮೆಟ್ಟಿನ ಒಳಗೇ ಹೋಯಿತು. ರಸ್ತೆಯ ಎರಡೂ ಬದಿಗೆ ಸೊಂಟದೆತ್ತರ ಕಸ. ಮಕ್ಕಳ ಡೈಪರ್, ಕೋಳಿಯ ಕರುಳು, ಕ್ಷೌರದಂಗಡಿಯ ಕೂದಲಿನ ಉಂಡೆಗಳು. ಅದರ ಅಡಿಯಿಂದ ಕಪ್ಪಗೆ ಜಿನುಗುವ ನೀರು ಡಾಂಬರಿನ ಮೇಲೆ ಹರಿದು ಗಣಿಯ ಹೊಂಡಕ್ಕೆ ಇಳಿಯುತ್ತಿತ್ತು. ಒಂದು ಕಾಲದಲ್ಲಿ ಆ ಹೊಂಡದ ನೀರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದವನು ನಾನು. ಈಗ ನೊಣಗಳು ಬಾಯಿಗೇ ನುಗ್ಗುತ್ತಿದ್ದವು. ಥೂ ಎಂದು ಉಗಿದೆ. ಉಗಿಯುವುದಾದರೂ ಯಾರಿಗೆ? ಲಾರಿಗಳಿಗೆ ಈ ದಾರಿ ತೋರಿಸಿದವನು ನಾನೇ.

ನಗರಸಭೆಯ ಕಸ ವಿಭಾಗದಲ್ಲಿ ಲಾರಿಗಳ ದಾರಿ ಗೊತ್ತುಮಾಡುವ ಗುಮಾಸ್ತ ನಾನು. ಹಳೆಯ ದಾರಿಯಲ್ಲಿ ಹೆಂಗಸರು ಪೊರಕೆ ಹಿಡಿದು ಲಾರಿಗಳಿಗೆ ಅಡ್ಡ ನಿಂತ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. "ಮನೆ ಇರಬಾರದು, ಶಾಲೆ ಇರಬಾರದು, ಫೋನ್ ಮಾಡಿ ಬೈಯೋ ಜನ ಇರಬಾರದು. ಅಂಥ ರಸ್ತೆ ಎಲ್ಲಿದ್ರೂ ಹುಡುಕಿ ಕೊಡಿ" ಅಂದರು. ನಾನು ಹುಡುಕಲೇ ಇಲ್ಲ. ಅಂಥ ರಸ್ತೆಗಳು ನನಗೆ ಬಾಯಿಪಾಠ. ನಕ್ಷೆ ಹರಡಿ, ಅವರ ಚಹಾ ಆರುವಷ್ಟರಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದುಕೊಟ್ಟೆ. ಸಾಹೇಬರು ಬೆನ್ನು ತಟ್ಟಿದರು, ನಾನು ಹಲ್ಲು ಕಿರಿದೆ. ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ರಸ್ತೆಗಳನ್ನು ಬಾಯಿಪಾಠ ಮಾಡಿಸಿದವರು ನನ್ನ ಸೋದರಮಾವ. ಮೆಕ್ಯಾನಿಕ್. ವಾರವೆಲ್ಲ ಬೇರೆಯವರ ಬೈಕುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಭಾನುವಾರ ತಮ್ಮದನ್ನು ಏರಿ ಹೊರಟುಬಿಡುತ್ತಿದ್ದರು. ಹೆದ್ದಾರಿ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಅದರ ಮೇಲೆ ಹೋಗೋಕೆ ಬೈಕ್ ಯಾಕೆ, ಹೆಣ ಸಾಗಿಸೋ ಗಾಡೀನೇ ಸಾಕು" ಅನ್ನುತ್ತಿದ್ದರು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಒಂದೊಂದು ಸುತ್ತಾಟಕ್ಕೆ ಒಂದೊಂದು ಹಾಳೆ ಬರೆದಿಡುತ್ತಿದ್ದರು. ಎಲ್ಲಿ ತಿರುಗಬೇಕು, ಯಾವ ಏರಿಗೆ ಯಾವ ಗೇರು, ಎಲ್ಲಿ ಎಂಜಿನ್ ಆರಿಸಿ ಸುಮ್ಮನೆ ಕೂರಬೇಕು, ಎಲ್ಲವೂ ಅದರಲ್ಲಿ. ಹೋಗುವ ದಿಕ್ಕಿನಲ್ಲೊಮ್ಮೆ, ಬರುವ ದಿಕ್ಕಿನಲ್ಲೊಮ್ಮೆ ಓಡಿಸಿ ನೋಡದೆ ಯಾವ ದಾರಿಯನ್ನೂ ಬರೆದವರಲ್ಲ. ಹೀಗೆ ಇಪ್ಪತ್ತಾರು ಹಾಳೆಗಳಾದವು. ಎರಡು ವರ್ಷದ ಹಿಂದೆ ಕಣ್ಣಿನ ನರ ಸೊರಗಿ ದೃಷ್ಟಿ ಪೂರ್ತಿ ಹೋಯಿತು. ಅಂದಿನಿಂದ ಹಾಳೆ ಓದುವವನು, ಓಡಿಸುವವನು, ಕಂಡದ್ದನ್ನು ಕಂಡ ಹಾಗೆ ಹೇಳುವವನು ನಾನು. ಹಿಂದಿನ ಸೀಟಿನಲ್ಲಿ ಕೂರುವ ಮಾವನಿಗೆ ಉಳಿದಿರುವ ಸುಖ ಅದೊಂದೇ.

ಮಾವ ದಾರಿ ಆರಿಸುತ್ತಿದ್ದುದು ಹೇಗೆ? ಮನೆಗಳಿಲ್ಲ, ಗದ್ದಲವಿಲ್ಲ, ಯಾರೂ ಅಡ್ಡ ಬರುವುದಿಲ್ಲ. ಸಾಹೇಬರಿಗೆ ಬೇಕಾದದ್ದೂ ಅಕ್ಷರಶಃ ಅದೇ. ಭಾನುವಾರ ಬೆರಳಾಡಿಸಿದ ನಕ್ಷೆಯ ಮೇಲೆಯೇ ಸೋಮವಾರ ಬೆರಳಾಡಿಸಿದೆ.

ಎಂಟು ತಿಂಗಳಿಂದ ಮಾವ ಏಳನೇ ಹಾಳೆ ಕೇಳುತ್ತಿದ್ದರು. ಏಳನೆಯದೆಂದರೆ ಕಲ್ಲುಗಣಿ. ನನಗೆ ಕ್ಲಚ್ ಬಿಡುವುದನ್ನು ಅವರು ಕಲಿಸಿದ್ದು ಆ ಏರಿನಲ್ಲಿ. ವಾರಕ್ಕೊಂದು ನೆಪ ಹೇಳಿ ಜಾರಿಕೊಂಡೆ. ಚೈನು ಸಡಿಲವಾಗಿದೆ ಅಂದದ್ದು ಮಾತ್ರ ಪೆದ್ದುತನ. ಮೆಕ್ಯಾನಿಕ್‌ಗೆ ಹೇಳುವ ಸುಳ್ಳೇ ಅದು? ಗೋಡೆ ಹಿಡಿದುಕೊಂಡು ಹೊರಗೆ ಬಂದು, ಬೈಕಿನ ಪಕ್ಕ ಕೂತು, ಎರಡು ಬೆರಳಲ್ಲಿ ಚೈನು ಎತ್ತಿ ನೋಡಿದರು.

"ಚೈನು ಗಟ್ಟಿಯಾಗೇ ಇದೆಯಲ್ಲೋ. ಸಡಿಲ ಆಗಿರೋದು ನಿನ್ನ ನಾಲಿಗೆ. ಈ ಭಾನುವಾರ ಹೊರಡ್ತೀವಿ, ಅಷ್ಟೇ."

ಅದಕ್ಕೇ ಶನಿವಾರ ನೋಡಿಬರಲು ಹೋದದ್ದು. ಗೆರೆ ಎಳೆದವನು ಅಲ್ಲಿಯವರೆಗೆ ಒಮ್ಮೆಯೂ ಆ ಕಡೆ ತಲೆ ಹಾಕಿರಲಿಲ್ಲ. ಕಸ ಗಣಿಯ ಆಚೆಗಿನ ಬಯಲಿಗೆ ಹೋಗುತ್ತದೆ ಎಂದು ಕಾಗದ ಹೇಳುತ್ತಿತ್ತು. ಬೈಯುವವರಿಲ್ಲದ ಮೇಲೆ ಲಾರಿಯವರಿಗೆ ಬಯಲಿನವರೆಗೆ ಹೋಗುವ ದರ್ದೇನು? ಸಿಕ್ಕಸಿಕ್ಕಲ್ಲಿ ಸುರಿದಿದ್ದರು.

ಮನೆಗೆ ಬಂದು ಮೈಯನ್ನು ಎರಡು ಸಲ ಉಜ್ಜಿ ತೊಳೆದು, ನಕ್ಷೆ ಮುಂದಿಟ್ಟುಕೊಂಡು, ಕಸಕ್ಕಿಂತ ಹೊಲಸಾದ ಕೆಲಸಕ್ಕೆ ಕೂತೆ. ಏಳನೇ ಹಾಳೆಯ ತಿರುವುಗಳನ್ನೇ ಹೋಲುವ ಇನ್ನೊಂದು ರಸ್ತೆ ಹುಡುಕಿದೆ. ಸಿಕ್ಕಿತು. ನೀರು ಶುದ್ಧೀಕರಿಸುವ ಘಟಕದ ಹಿಂದಿನ ದಾರಿ: ಎಡ, ಎಡ, ಬಲ, ಉದ್ದನೆಯ ಏರು, ಕೊನೆಗೆ ನೀರಿನ ತಂಪು. ಕಣ್ಣಿಲ್ಲದವರ ಕಣ್ಣಿಗೆ ಮಣ್ಣೆರಚುವುದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ. ಬಂಡೆ, ಹಸಿರು ನೀರು, ನೀರಿಗೆ ಬಗ್ಗಿದ ಮರ, ಎಲ್ಲವನ್ನೂ ವರ್ಣಿಸಲು ಮಾತು ಕೂಡಿಸಿಕೊಂಡೆ. ಕನ್ನಡಿಯ ಮುಂದೆ ನಿಂತು ಒಮ್ಮೆ ಹೇಳಿಯೂ ನೋಡಿದೆ, ಥೇಟ್ ನಾಟಕದವನ ಹಾಗೆ.

ಭಾನುವಾರ ಏಳಕ್ಕೇ ಮಾವ ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಮಾಡಿದ ಶೂ ಹಾಕಿಕೊಂಡು ಬಾಗಿಲಲ್ಲಿದ್ದರು.

"ನೋಡೋ, ಮದುಮಗ ಹೊರಟ ಹಾಗಿದ್ದಾರೆ" ಎಂದು ಅತ್ತೆ ನಕ್ಕರು.

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಕೂತರು. ಎಡ, ಎಡ, ಬಲ. ನಾನು ಕಲಿತ ಪಾಠ ಒಪ್ಪಿಸುತ್ತಾ ಹೋದೆ. ಅವರು ಹೂಂಗುಟ್ಟುತ್ತಲೇ ಇದ್ದರು. ಏರು ಮುಗಿಯುವ ಹೊತ್ತಿಗೆ ಹೆಗಲಿನ ಮೇಲೊಂದು ಗುದ್ದು ಬಿತ್ತು.

"ನಿಲ್ಸು. ಇದು ಯಾವ ದಾರಿ?"

"ಏಳನೇ ಹಾಳೆ ಮಾವ. ಬಲಕ್ಕೆ ಬಂಡೆ ಕಾಣ್ತಿದೆ, ಆ ಮರ ಇನ್ನೂ..."

"ಬಂಡೆಯಂತೆ ಬಂಡೆ! ಗಣಿ ಏರಲ್ಲಿ ಎರಡನೇ ಗೇರಿಗೆ ಇಳೀದಿದ್ರೆ ಗಾಡಿ ಏದುಸಿರು ಬಿಟ್ಟು ನಿಂತುಬಿಡುತ್ತೆ. ನೀನು ಮೂರರಲ್ಲೇ ಹತ್ತಿಸ್ದೆ. ನನ್ನ ಕಣ್ಣು ಹೋಗಿರಬಹುದು, ಕುಂಡಿ ಇನ್ನೂ ನೆಟ್ಟಗಿದೆ ಕಣೋ. ಗಾಡಿ ತಿರುಗಿಸು."

"ಅಲ್ಲಿಗೆ ಬೇಡ ಮಾವ."

"ಯಾಕೆ ಬೇಡ?"

ಗಾಡಿ ತಿರುಗಿಸಿದೆ.

ಗಣಿ ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ ನಾತ ಬಂತು. ತಿರುವಿನಲ್ಲಿ ಹಿಂದಿನ ಚಕ್ರ ಕಪ್ಪು ರಾಡಿಯಲ್ಲಿ ಜಾರಿತು. ನಿಲ್ಲಿಸಿದೆ. ಅವರು ಇಳಿದು ಎರಡು ಹೆಜ್ಜೆ ಇಟ್ಟರು. ಆ ಪಾಲಿಶ್ ಮಾಡಿದ ಶೂ ಏನೋ ಮೆತ್ತನೆಯದರೊಳಗೆ ಪಚಕ್ಕೆಂದು ಹೂತುಹೋಯಿತು. ಕಾಲೆತ್ತಿದರು. ಎಲ್ಲಿಡಬೇಕೋ ತಿಳಿಯದೆ ಒಂಟಿಕಾಲಲ್ಲಿ ನಿಂತು ನನ್ನ ಕೈಗಾಗಿ ತಡಕಾಡಿದರು. ಹಿಡಿದುಕೊಂಡೆ.

"ಏನು ಕಾಣ್ತಿದೆ? ಹೇಳು."

ಹೇಳಿದೆ. ಡೈಪರ್, ಕರುಳು, ನೊಣ, ನೀರಿನ ಮೇಲೆ ಕಟ್ಟಿದ ಬೂದುಬಣ್ಣದ ಕೆನೆ. ಒಂದನ್ನೂ ಬಿಡಲಿಲ್ಲ.

"ನಿನಗೂ ನನಗೂ ಬಿಟ್ರೆ ಈ ದಾರಿ ಇನ್ಯಾರಿಗೂ ಬೇಕಾಗಿರ್ಲಿಲ್ಲ" ಅಂದರು. "ಲಾರಿಯವರಿಗೆ ಯಾರು ಹೇಳಿದ್ರು?"

"ನಾನೇ ಮಾವ. ಸಾಹೇಬರು ಕೇಳಿದ್ರು. ಗೆರೆ ಎಳೆದುಕೊಟ್ಟೆ."

ಬೈಯುತ್ತಾರೆ ಎಂದು ಕಾದೆ. ಒಂದು ಬೋಲ್ಟನ್ನು ಓರೆಯಾಗಿ ತಿರುಗಿಸಿದರೆ ಏಳು ತಲೆಮಾರನ್ನು ಜಾಲಾಡುವ ಬಾಯಿ ಅದು. ಅವತ್ತು ತುಟಿಪಿಟಕ್ಕೆನ್ನಲಿಲ್ಲ. ಬರುವಾಗ ಅವರ ಕೈ ನನ್ನ ಹೆಗಲ ಮೇಲಿರಲಿಲ್ಲ. ದಾರಿಯುದ್ದಕ್ಕೂ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಿದ್ದರು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಶೂಗಳನ್ನು ಕೋಲಿನಲ್ಲಿ ಎತ್ತಿ ಆಚೆಗಿಟ್ಟರು.

"ಎಲ್ಲಿ ಬಿದ್ದು ಹೊರಳಾಡ್ಕೊಂಡು ಬಂದ್ರಿ ಇಬ್ರೂ?"

"ದಾರೀಲಿ ಚರಂಡಿ ಒಡೆದಿತ್ತು ಕಣೇ" ಅಂದರು ಮಾವ. ನನ್ನ ಮಾನ ಉಳಿಸಿದರು. ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಊಟದ ಮೇಜಿಗೆ ಬಂದು, ಹಾಳೆಗಳ ಕಟ್ಟನ್ನು ಹತ್ತಿರ ಎಳೆದುಕೊಂಡರು. ಅತ್ತೆ ಅಡುಗೆಮನೆಗೆ ಹೋಗುವವರೆಗೆ ಸುಮ್ಮನಿದ್ದರು.

"ಹೊಟ್ಟೆಪಾಡು. ಮೇಲಿನವನು ಕೇಳ್ದ, ನೀನು ಕೊಟ್ಟೆ. ಒಂದ್ಸಲ ಯಾರಾದ್ರೂ ಜಾರ್ತಾರೆ. ಕೇಳಿದ ತಕ್ಷಣ ನಿಜ ಹೇಳಿದ್ಯಲ್ಲ, ನನಗೆ ಅಷ್ಟು ಸಾಕು. ಇನ್ನೊಂದೇ ಮಾತು ಕೇಳ್ತೀನಿ. ಬೇರೆ ಯಾವುದಾದ್ರೂ ಹಾಳೆ ಅವರಿಗೆ ಕೊಟ್ಟಿದ್ದೀಯಾ?"

ಕೊಟ್ಟಿದ್ದೆ. ಗಣಿಯ ಕಡೆ ಜಾಗ ಸಾಲುತ್ತಿಲ್ಲವೆಂದು ಸಾಹೇಬರು ಹೋದ ತಿಂಗಳೇ ಇನ್ನೊಂದು ದಾರಿ ಕೇಳಿದ್ದರು. ಹತ್ತೊಂಬತ್ತನೇ ಹಾಳೆಯ ಕಣಿವೆ ರಸ್ತೆಗೆ ಗೆರೆ ಎಳೆದಿದ್ದೆ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಲಾರಿಗಳು. ಆ ಕಡತ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು. ಸಾಹೇಬರ ಮುಂದೆ ನಿಂತು 'ಇದು ಬೇಡ ಸರ್' ಅಂದರೆ ಮುಗಿಯುತ್ತಿತ್ತು. ಮಾವನಿಗೆ ನಿಜ ಹೇಳಿದರೆ ನಾಳೆ ಹಾಗೆ ಹೋಗಿ ನಿಲ್ಲಲೇಬೇಕು. ಸಾಹೇಬರ ಮುಖ ಸಿಡುಕುವುದು, ನನ್ನ ಬೆನ್ನು ತಟ್ಟಿದ ಕೈ ಬಾಗಿಲು ತೋರಿಸುವುದು, ಎಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು.

"ಇಲ್ಲ ಮಾವ" ಅಂದೆ. "ಅದೊಂದೇ."

ಮಾವನ ಮುಖದ ಬಿಗಿ ಇಳಿಯಿತು. ಮೇಜಿನಾಚೆಯಿಂದ ಕೈಚಾಚಿ ನನ್ನ ಕೈ ಹುಡುಕಿ ಅದುಮಿದರು.

"ಹಾಗಾದ್ರೆ ಬರೋ ಭಾನುವಾರಕ್ಕೆ ಹತ್ತೊಂಬತ್ತನೇದು ತೆಗಿ. ಇದ್ದದ್ದರಲ್ಲಿ ಒಂಟಿ ದಾರಿ ಅಂದ್ರೆ ಅದೇ. ಅಲ್ಲಿಗೆ ನರಪಿಳ್ಳೆ ಬರಲ್ಲ. ಓದು, ಕೇಳೋಣ."

ತೆಗೆದೆ. ಅಂಚಿನಲ್ಲಿ ಗ್ರೀಸಿನ ಬೆರಳಚ್ಚು ಇತ್ತು. ಮುರಿದ ಸೇತುವೆ ಹತ್ತಿರ ಎಡಕ್ಕೆ. ಇಳಿಜಾರಲ್ಲಿ ಬ್ರೇಕ್ ಬೇಡ, ಎಂಜಿನ್ ಹಿಡಿತ ಸಾಕು. ಕೆಳಗೆ ತೊರೆ ಸಿಗುತ್ತೆ. ಗಾಡಿ ಆರಿಸಿ ಹತ್ತು ನಿಮಿಷ ಕೂರಬೇಕು, ಮಾತಾಡಬಾರದು. ಮಾವ ಕಣ್ಣು ಮುಚ್ಚಿ ಒಂದೊಂದು ಸಾಲಿಗೂ ತಲೆಯಾಡಿಸುತ್ತಿದ್ದರು. ಕೊನೆಯ ಸಾಲಿನವರೆಗೂ ಓದಿದೆ. ನನ್ನ ದನಿ ಎಲ್ಲಿಯೂ ತಡವರಿಸಲಿಲ್ಲ.