ಎರಡು ಊರಿನ ‘ಬಿಡು’

ಹಗ್ಗ ಹರಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಜಗಳೂರು ಸೀಮೆಯಲ್ಲಿ ಆ ವಾರ ಬಾಯಿ ಇದ್ದವರೆಲ್ಲ ಹರಿಯಿತೆಂದೇ ಹೇಳುತ್ತಿದ್ದರು. ಸೂಳೆಕೆರೆಯ ಏರಿಯ ಮೇಲೆ ನೇವಿಯವರು ಹೂಡಿದ ಯಂತ್ರದಲ್ಲಿ ಸೊಕ್ಕೆ ಗಾದ್ರಮ್ಮನ ಹಗ್ಗ ಹರಿದು, ನಾವಿಕನೊಬ್ಬ ಕಲ್ಲು ಮೆಟ್ಟಿಲ ಮೇಲೆ ಬಿದ್ದು ತೊಡೆ ಮುರಿದುಕೊಂಡನಂತೆ. ಸೋಮವಾರ ನಡೆದದ್ದು ಬುಧವಾರಕ್ಕೆ ಸೊಕ್ಕೆ ಮುಟ್ಟಿತು. ಮುಟ್ಟಿಸಿದವನು ಬಾವಿ ತೋಡುವ ಗಿಡ್ಡಪ್ಪ. ಬರುವಾಗ ಅವನ ಹೆಗಲ ಮೇಲೆ ಹಗ್ಗದ ಸುರುಳಿಯೂ ಇತ್ತು.

ಸುರುಳಿಯನ್ನು ಅವನು ಜಗಲಿಯ ಮೇಲಿಟ್ಟ. ಹೋದ ವರ್ಷ ಗಾದ್ರಮ್ಮನೇ ಹೊಸೆದು ಕೊಟ್ಟದ್ದು.

“ತಪ್ಪು ತಿಳೀಬ್ಯಾಡಕ್ಕ. ನಂಗೆ ಎರಡು ಹೆಣ್ಣು ಕೂಸು ಅದಾವೆ. ನಲವತ್ತು ಮೊಳ ಕೆಳಗೆ ಇಳಿಯೋನು ನಾನು.”

“ಹರೀತು ಅಂತ ಯಾವನೋ ಹೇಳಿದ್ದು?” ಎಂದು ಗಾದ್ರಮ್ಮ ಸಿಡುಕಿದಳು.

ಗಿಡ್ಡಪ್ಪ ನೆಲ ನೋಡಿದ. “ನಿನ್ ತಮ್ಮಾನೇ ಹೇಳ್ಯಾನಂತೆ. ಪಾಲಣ್ಣ. ಹಗ್ಗದ ತುದಿ ಹಿಡ್ಕಂಡಿದ್ದೋನು ಅವನೇ ಅಂತಲ್ಲ.”

ಆಗ ಗಾದ್ರಮ್ಮನ ಕೈಯಲ್ಲಿದ್ದ ಕತ್ತಾಳೆ ನಾರು ಕೆಳಗೆ ಬಿತ್ತು. ಬಿದ್ದದ್ದನ್ನು ಅವಳು ಎತ್ತಿಕೊಳ್ಳಲಿಲ್ಲ.

ಹದಿನಾಲ್ಕು ವರ್ಷದ ಕೆಳಗೆ ಅವಳ ಗಂಡ ಅಂಜಿನಪ್ಪನೂ ಬಾವಿ ತೋಡುತ್ತಿದ್ದ. ಸಂತೆಯಲ್ಲಿ ಕೊಂಡ ಯಾರದೋ ಹಗ್ಗ ಹರಿದು ತಳಕ್ಕೆ ಬಿದ್ದವನು ಎದ್ದು ಬರಲಿಲ್ಲ. ಅಂದಿನಿಂದ ಅವಳು, ಚಿಕ್ಕಂದಿನಲ್ಲಿ ಕಲಿತ ಕಸುಬನ್ನೇ ಮತ್ತೆ ಹಿಡಿದು, ತಾನೇ ಕತ್ತಾಳೆ ಕೊಯ್ದು, ತಾನೇ ಕೊಳೆಸಿ, ತಾನೇ ಬಡಿದು, ತಾನೇ ಹೊಸೆಯುತ್ತಿದ್ದಳು. ಕೊಳೆಸುವಾಗಿನ ನಾತಕ್ಕೆ ಓಣಿಯವರು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು, ಬಾವಿಗೆ ಇಳಿಯುವ ದಿನ ಬಂದರೆ ಅವರೇ ಬಂದು ಹಗ್ಗ ಕೇಳುತ್ತಿದ್ದರು. ಮೂರು ಹುರಿಗಳ ನಡುವೆ ಅವಳು ಒಂದು ಕೆಂಪು ಎಳೆ ಸೇರಿಸುತ್ತಿದ್ದಳು. ಸೊಕ್ಕೆ ಸುತ್ತ ಹತ್ತು ಹಳ್ಳಿಗಳಲ್ಲಿ ಆ ಕೆಂಪು ಎಳೆ ಕಂಡರೆ ಗಂಡಸರು ಹಿಂದೆ ಮುಂದೆ ನೋಡದೆ ಕತ್ತಲೆಗೆ ಕಾಲಿಡುತ್ತಿದ್ದರು. ಬೇರೆ ಯಾವ ಆಸ್ತಿಯೂ ಅವಳಿಗಿರಲಿಲ್ಲ, ಬೇಕು ಅನ್ನಿಸಿರಲೂ ಇಲ್ಲ.

ಪಾಲಣ್ಣ ಅವಳ ಬೆನ್ನಿಗೆ ಬಿದ್ದವನು. ತಾಯಿ ಸತ್ತಾಗ ಅವನಿಗೆ ಐದು ವರ್ಷ. ಹಾಲನ್ನ ಕಲಸಿ ತಿನ್ನಿಸಿದವಳು ಇವಳು, ನಾರು ಹಿಡಿಯಲು ಕಲಿಸಿದವಳು ಇವಳು. ದೊಡ್ಡವನಾದ ಮೇಲೆ ಸಾಸ್ವೆಹಳ್ಳಿಗೆ ಮನೆ ಅಳಿಯನಾಗಿ ಹೋಗಿ, ಅಲ್ಲಿ ಹೊಳೆ ದಾಟಿಸುವ ದೋಣಿಯಲ್ಲಿ ಹಗ್ಗದಾಳಾದ. ಹತ್ತು ವರ್ಷ ಹೊಳೆಯ ನೀರು ಕುಡಿದು ಅವನ ಮಾತೂ ಹೊಳೆಯವರ ಮಾತಾಗಿತ್ತು. ಹಬ್ಬಕ್ಕೆ ಬಂದಾಗ ಅಕ್ಕ ಅದನ್ನೇ ಹಿಡಿದು ಕಾಡಿಸುತ್ತಿದ್ದಳು.

ನೇವಿಯವರಿಗೆ ಸೊಕ್ಕೆಯ ಹಗ್ಗ ಬೇಕಾದದ್ದೂ ಒಂದು ಕಥೆಯೇ. ಹಡಗಿಗೆಲ್ಲ ಮನಿಲಾ ಹಗ್ಗವೇ ಆಗಬೇಕಿತ್ತಂತೆ. ಜಪಾನಿನವರು ಮನಿಲಾ ಊರನ್ನೇ ನುಂಗಿ ಕೂತ ಮೇಲೆ ಹಗ್ಗವೆಲ್ಲಿಂದ ಬರಬೇಕು? ಅದಕ್ಕೇ ಎಲ್ಲೆಲ್ಲಿಯ ನಾರನ್ನೋ ತರಿಸಿ ಪರೀಕ್ಷೆ ಮಾಡಲು ಹೊರಟರು. ನಡುಸಮುದ್ರದಲ್ಲಿ ಎರಡು ಹಡಗು ನಿಲ್ಲದೆ ಅಕ್ಕಪಕ್ಕ ಓಡುತ್ತಿರುವಾಗಲೇ ಒಂದರಿಂದ ಒಂದಕ್ಕೆ ಅಕ್ಕಿಮೂಟೆ, ಮದ್ದುಗುಂಡು, ಗಾಯಗೊಂಡ ಮನುಷ್ಯ, ಎಲ್ಲವನ್ನೂ ಹಗ್ಗದ ಮೇಲೆ ದಾಟಿಸಬೇಕು. ಅದನ್ನು ನೆಲದ ಮೇಲೆ ಕಲಿಸಲಿಕ್ಕೆ ಒಂದು ಯಂತ್ರ. ಬಿಚ್ಚಿ ಲಾರಿಗೆ ಹೇರಬಹುದು, ನೀರೂ ಕಲ್ಲುಕಟ್ಟೆಯೂ ಇರುವ ಕಡೆ ಜೋಡಿಸಬಹುದು. ಕಡಲ ತೀರದಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಸಾಹೇಬನೊಬ್ಬ ಅದನ್ನು ಸೂಳೆಕೆರೆಗೆ ತಂದ.

ಏರಿಯ ಪಕ್ಕದ ಕೆರೆಬಿಳಚಿಯ ಜನ ಅದಕ್ಕೆ ಕುಂಟು ಹಡಗು ಎಂದು ಹೆಸರಿಟ್ಟರು. ನಾಲ್ಕು ಕಬ್ಬಿಣದ ಗಾಲಿಯ ಮೇಲೊಂದು ಹಲಗೆಯ ಅಟ್ಟ, ಅಟ್ಟದ ಮೇಲೊಂದು ಕಂಬ. ಎಂಟು ಜನ ಈ ಕಡೆಯಿಂದ ಆ ಕಡೆಗೆ ಓಡಾಡಿದರೆ ಅಟ್ಟ ತೂಗಿ, ಕಂಬ ಅಲೆಯ ಮೇಲಿನ ಹಡಗಿನಂತೆ ವಾಲುತ್ತಿತ್ತು. ಎದುರಿಗೆ ನೀರಿನ ಮೇಲೆ ಲಂಗರು ಹಾಕಿದ ತೆಪ್ಪ, ಅದಕ್ಕೂ ಒಂದು ಕಂಬ. ಎರಡು ಕಂಬಗಳ ನಡುವಿನ ಹಗ್ಗದ ಮೇಲೆ ರಾಟೆಯಿಂದ ಜೋತ ಬೆತ್ತದ ತೊಟ್ಟಿಲು ಓಡಾಡುತ್ತಿತ್ತು. ಹಗ್ಗದ ತುದಿಯನ್ನು ಗೂಟಕ್ಕೆ ಕಟ್ಟುವ ಹಾಗಿಲ್ಲ, ಮನುಷ್ಯನೇ ಹಿಡಿಯಬೇಕು. ಕಂಬಗಳು ದೂರವಾದರೆ ಸಡಿಲಿಸಬೇಕು, ಹತ್ತಿರವಾದರೆ ಎಳೆಯಬೇಕು. ಎಲ್ಲವೂ ಆ ತುದಿಯವನ ಕೈಯಲ್ಲಿ. ಆ ಕೆಲಸಕ್ಕೆ ತನ್ನ ತಮ್ಮನಲ್ಲದೆ ಬೇರೆಯವನು ಬೇಡವೆಂದು, ಹಗ್ಗ ಕೊಳ್ಳಲು ಬಂದವರಿಗೆ ಹೇಳಿ ಸೇರಿಸಿದವಳು ಗಾದ್ರಮ್ಮನೇ.

“ಸುರುಳಿ ತಗಾ,” ಎಂದಳು ಗಿಡ್ಡಪ್ಪನಿಗೆ. “ನಡಿ ಹೋಗಾಣ. ಹರಿದ ತುದಿ ನಾನೂ ನೋಡ್ತೀನಿ, ನೀನೂ ನೋಡು.”

ದಾವಣಗೆರೆವರೆಗೆ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಿದರು. ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಗಾದ್ರಮ್ಮ ತನ್ನನ್ನೇ ಬೈದುಕೊಂಡಳು. ಕತ್ತಾಳೆ ಇನ್ನೊಂದು ದಿನ ಕೊಳೆಯಬೇಕಿತ್ತೇ? ಹುರಿ ಸಡಿಲವಾಯಿತೇ? ಪಾಲಣ್ಣ ಸುಳ್ಳು ಹೇಳಿರಬಹುದು ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ಮನುಷ್ಯರ ವಿಷಯದಲ್ಲಿ ಅವಳು ಅಷ್ಟು ದಡ್ಡಿ.

ಏರಿಯ ಮೇಲೆ ಸಾಹೇಬನಿದ್ದ, ಅವನ ಪಕ್ಕದಲ್ಲಿ ಕಾರವಾರದ ಕಡೆಯ ತಂಡೇಲ. ಹಡಗಿನ ಆಳುಗಳ ಮೇಲಿನ ಮೇಸ್ತ್ರಿಗೆ ತಂಡೇಲ ಎನ್ನುತ್ತಿದ್ದರು. ಸಾಹೇಬನ ಮಾತನ್ನು ಕನ್ನಡಕ್ಕೆ ತಿರುಗಿಸುವವನೂ ಅವನೇ. ಪಾಲಣ್ಣ ಅಕ್ಕನನ್ನು ಕಂಡವನು ಓಡಿ ಬರಲಿಲ್ಲ. ನಿಂತಲ್ಲೇ ನಿಂತು ಮುಂಡಾಸು ಸರಿಮಾಡಿಕೊಂಡ.

“ಏನಾತೋ ಪಾಲ?”

“ಏನಾಗ್ಬೇಕು, ಹಗ್ಗ ಹರೀತು. ಕತ್ತಾಳೆ ಸರಿ ಕೊಳ್ತಿರ್ಲಿಲ್ಲ ಅಂತ ಕಾಣ್ತೈತೆ. ವಯಸ್ಸಾತಲ್ಲಕ್ಕ ನಿಂಗೂ.”

ಅಷ್ಟು ಜನರ ಮುಂದೆ ಅಂದ ಮಾತು ಅದು. ಗಿಡ್ಡಪ್ಪ ಹೆಗಲ ಮೇಲಿನ ಸುರುಳಿಯನ್ನು ಸ್ವಲ್ಪ ದೂರ ಹಿಡಿದುಕೊಂಡ.

ತಂಡೇಲ ಹರಿದ ಹಗ್ಗ ತರಿಸಿದ. ಗಾದ್ರಮ್ಮ ಏರಿಯ ಕಲ್ಲಿನ ಮೇಲೆ ಕೂತು ತುದಿಯನ್ನು ಮಡಿಲಿಗೆ ಎಳೆದುಕೊಂಡಳು. ಹರಿದ ಹಗ್ಗವನ್ನು ಅವಳು ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ, ಗಂಡನ ಸೊಂಟದಿಂದ ಬಿಚ್ಚಿದ್ದನ್ನು ಕಂಡವಳು. ಹರಿಯುವ ಹಗ್ಗದ ಎಳೆಗಳು ಒಂದೇ ಕಡೆ ಹರಿಯುವುದಿಲ್ಲ. ಒಂದು ಇಲ್ಲಿ, ಒಂದು ಗೇಣು ಆಚೆ, ಒಂದು ಮೊಳ ಈಚೆ. ಇಲ್ಲಿ ಮೂರೂ ಹುರಿ ಸಮಸಮ ಇದ್ದವು. ಮೇಲೆ ಕಲ್ಲಿಗೆ ಉಜ್ಜಿ ನಾರು ಕೆದರಿದ್ದರು, ಅಷ್ಟೇ. ತುದಿಯಿಂದ ಎರಡು ಬೆರಳು ಹಿಂದೆ ಹೆಬ್ಬೆರಳಿಗೆ ಏನೋ ಸಿಕ್ಕಿತು. ಸುತ್ತಲೂ ಒಂದು ಸಣ್ಣ ತಗ್ಗು, ದಾರದಲ್ಲಿ ಬಿಗಿದು ಕಟ್ಟಿ ಬಿಚ್ಚಿದ ಗುರುತು.

‘ಕೊಯ್ಯೋ ಮುಂಚೆ ಕಟ್ಟೋ ಪಾಲ. ಇಲ್ಲಾಂದ್ರೆ ಹುರಿ ಬಿಚ್ಕೊಂಡು ಉಳಿದ ಹಗ್ಗಾನೂ ಕೆಡ್ತೈತೆ.’ ಆರು ವರ್ಷದ ಹುಡುಗನಿಗೆ ನೂರು ಸಲ ಹೇಳಿಕೊಟ್ಟ ಮಾತು. ಅವನು ಕಲಿತಿದ್ದ. ಅಕ್ಕನ ಹೆಸರನ್ನು ಕೊಯ್ಯುವಾಗಲೂ ಅಕ್ಕ ಕಲಿಸಿದ ಹಾಗೆಯೇ ಕಟ್ಟಿ ಕೊಯ್ದಿದ್ದ.

ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಮೋಸ ಮಾಡಿದವನಿಗೆ ಆಗಬೇಕಾದ ನಾಚಿಕೆ ಮೋಸ ಹೋದವಳಿಗೆ ಆಗುವುದು ಎಂಥ ಅನ್ಯಾಯ!

“ಆವತ್ತು ಏನ್ ಹೇಳಿದ್ರಿ ಇವನಿಗೆ?” ಎಂದು ತಂಡೇಲನನ್ನು ಕೇಳಿದಳು.

“ನಾವಿಕ ಕೂತಿದ್ದ ತೊಟ್ಟಿಲು ಇನ್ನೂ ಮೆಟ್ಟಿಲ ಮೇಲೇ ಇತ್ತು, ಕಂಬ ಆಚೆ ವಾಲ್ತು. ‘ಬಿಡು’ ಅಂದೆ. ಅಷ್ಟರಲ್ಲಿ ಹಗ್ಗ ಹೋಯ್ತು.”

ಬಿಡು! ಗಾದ್ರಮ್ಮನಿಗೆ ಆಗ ಎಲ್ಲವೂ ಕಣ್ಣ ಮುಂದೆ ನಡೆದಂತೆ ಕಂಡಿತು. ಸೊಕ್ಕೆಯಲ್ಲಿ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುವವನು ಬಿಡು ಅಂದರೆ, ಎತ್ತು ಹಿಂದೆ ಹಿಂದೆ ಬರುತ್ತ ಹಗ್ಗ ನಿಧಾನವಾಗಿ ಬಾವಿಗಿಳಿಯಬೇಕು. ಹಗ್ಗ ಸಡಿಲಬೇಕು, ಹಿಡಿತ ತಪ್ಪಬಾರದು. ಸಾಸ್ವೆಹಳ್ಳಿ ದೋಣಿಯಲ್ಲಿ ಬಿಡು ಅಂದರೆ ದಡದ ಹಗ್ಗ ಕಳಚಿ ಎಸೆಯಬೇಕು, ದೋಣಿ ಹೊರಡಬೇಕು. ತಂಡೇಲ ಮೊದಲಿನದನ್ನು ಹೇಳಿದ, ಪಾಲಣ್ಣ ಎರಡನೆಯದನ್ನು ಮಾಡಿದ. ಅದು ತಪ್ಪು, ಆದರೆ ಪಾಪವಲ್ಲ. ಅಷ್ಟನ್ನೇ ಬಾಯಿಬಿಟ್ಟು ಹೇಳಿದ್ದರೆ ಯಾರೂ ಅವನನ್ನು ನೇಣಿಗೆ ಹಾಕುತ್ತಿರಲಿಲ್ಲ. ಎಲ್ಲರೂ ಗಾಯಾಳುವನ್ನು ಚನ್ನಗಿರಿ ಆಸ್ಪತ್ರೆಗೆ ಸಾಗಿಸುವ ಗಡಿಬಿಡಿಯಲ್ಲಿದ್ದಾಗ ಇವನು, ಕೈ ಬಿಟ್ಟದ್ದು ಗೊತ್ತಾಗದಿರಲೆಂದು, ನೀರಿನಿಂದ ಹಗ್ಗ ಎಳೆದು, ಕೂತು, ಕಟ್ಟಿ, ಕೊಯ್ದಿದ್ದ.

ಆದರೂ ಅವಳು ಹೇಳಲಿಲ್ಲ. ಅವನೇ ಹೇಳಲಿ ಎಂದು ಕಾದಳು.

“ಸಾಹೇಬ್ರಿಗೆ ಹೇಳ್ರಿ,” ಎಂದಳು. “ಇದೇ ಹಗ್ಗ, ಉಳಿದಿದ್ದು, ಕಂಬಕ್ಕೆ ಏರಿಸ್ರಿ. ತೊಟ್ಟಿಲಾಗೆ ನಾನು ಕುಂದರ್ತೀನಿ. ತುದಿ ನನ್ ತಮ್ಮಾನೇ ಹಿಡೀಲಿ.”

ಸಾಹೇಬ ಬೇಡವೆಂದು ತಲೆಯಾಡಿಸಿದ. ಮೊದಲು ಮೂಟೆ ಹಾಕಿ ನೋಡಿದರು. ನಾಲ್ಕು ಮೂಟೆ, ಆರು ಮೂಟೆ. ಹಗ್ಗ ಗೊಣಗಲೂ ಇಲ್ಲ. ಮೂಟೆ ಇಳಿಸುವುದೇ ತಡ, ಯಾರಾದರೂ ತಡೆಯುವ ಮುಂಚೆಯೇ ಗಾದ್ರಮ್ಮ ಸೀರೆ ಬಿಗಿದು ತೊಟ್ಟಿಲಲ್ಲಿ ಕೂತುಬಿಟ್ಟಳು. ತಂಡೇಲ ಸಾಹೇಬನ ಮುಖ ನೋಡಿದ. ಸಾಹೇಬ ಬೆವರು ಒರೆಸಿಕೊಂಡು ಹೂಂ ಎಂದ.

ಅಟ್ಟದ ಮೇಲೆ ಎಂಟು ಜನ ಓಡಾಡತೊಡಗಿದರು. ತೊಟ್ಟಿಲು ಮೆಟ್ಟಿಲು ದಾಟಿತು, ನೀರಿನ ಮೇಲೆ ಬಂತು. ಸೂಳೆಕೆರೆಯ ಗಾಳಿ ಅವಳ ಸೆರಗನ್ನು ಎಳೆದಾಡಿತು. ಹಗ್ಗದ ಬಗ್ಗೆ ಅವಳಿಗೆ ಕೂದಲೆಳೆಯಷ್ಟೂ ಭಯವಿರಲಿಲ್ಲ. ಭಯವಿದ್ದದ್ದು ತುದಿ ಹಿಡಿದವನ ಬಗ್ಗೆ. ತಾನು ಹಾಲನ್ನ ತಿನ್ನಿಸಿ ಬೆಳೆಸಿದವನು ತನ್ನನ್ನು ಬೀಳಿಸಿಯಾನೇ ಎಂದು ಹೆದರಬೇಕಾಗಿ ಬಂದದ್ದಕ್ಕೇ ಅವಳಿಗೆ ಸಾಯುವಷ್ಟು ದುಃಖವಾಯಿತು.

ಕಂಬ ಆಚೆ ವಾಲಿತು.

“ಬಿಡು!” ಎಂದು ತಂಡೇಲ ಕೂಗಿದ.

ಗಾದ್ರಮ್ಮ ಕಣ್ಣು ಮುಚ್ಚಿದಳು. ಹಗ್ಗ ಹಿಡಿ ಹಿಡಿಯಾಗಿ, ಮೆತ್ತಗೆ ಸಡಿಲಿತು. ತೊಟ್ಟಿಲು ಚೂರು ತಗ್ಗಿತು, ಮತ್ತೆ ಎದ್ದಿತು. ಸೊಕ್ಕೆಯ ಬಿಡು! ಬೇಕೆಂದಾಗ ಅವನಿಗೆ ಬರುತ್ತಿತ್ತು.

ತೆಪ್ಪ ಮುಟ್ಟಿಸಿ ಅವಳನ್ನು ವಾಪಸು ಎಳೆದುಕೊಂಡರು. ಸಾಹೇಬ ಏನೋ ಕೇಳಿದ. ತಂಡೇಲ ಪಾಲಣ್ಣನ ಕಡೆ ತಿರುಗಿದ.

“ಹಗ್ಗ ಗಟ್ಟಿ ಇದೆಯಲ್ಲೋ. ಮತ್ತೆ ಆವತ್ತು ಹೆಂಗೆ ಹರೀತು?”

ಗಾದ್ರಮ್ಮ ತಮ್ಮನನ್ನೇ ನೋಡಿದಳು. ಈಗಲಾದರೂ ಹೇಳೋ. ಒಂದು ಮಾತು ಸಾಕು.

“ಇದು ಒಳ್ಳೆ ತುಂಡು ಇರಬೇಕು ಬಿಡ್ರಿ,” ಎಂದ ಪಾಲಣ್ಣ. “ಆ ತುದಿ ಇವಳು ಹಳೇ ನಾರಾಗೆ ಹೊಸೆದಿರ್ತಾಳೆ. ಹಿಂಗೆ ಬೆರಕೆ ಮಾಡೋದು ಇವಳಿಗೆ ಮೊದ್ಲಿಂದ ರೂಢಿ.”

ಮೊದಲ ಸುಳ್ಳು ಹೆದರಿಕೆಯದು ಎಂದುಕೊಂಡಿದ್ದಳು. ಎರಡನೆಯದಕ್ಕೆ ಹೆದರಿಕೆ ಬೇಕಾಗಿರಲಿಲ್ಲ. ಬೊಂಬಾಯಿಗೆ ಕರೆದುಕೊಂಡು ಹೋಗಿ ಹಡಗಿನ ಕೆಲಸಕ್ಕೆ ಹಾಕುತ್ತೇನೆಂದು ತಂಡೇಲ ಅವನಿಗೆ ಮಾತು ಕೊಟ್ಟಿದ್ದನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಆಗಲೇ ಗೊತ್ತಾಗಿದ್ದರೂ ಅಷ್ಟೇ. ಅವಳು ಎದ್ದು ತಂಡೇಲನ ಹೆಬ್ಬೆರಳನ್ನು ಹಿಡಿದು ಹಗ್ಗದ ತಗ್ಗಿನ ಮೇಲೆ ಇಟ್ಟಳು.

“ನೀವೂ ಹಗ್ಗದೋರೇ. ನೋಡಿ ಹೇಳ್ರಿ. ತಾನಾಗೇ ಹರಿಯೋ ಹಗ್ಗಕ್ಕೆ ಯಾರಾದ್ರೂ ಮುಂಚೇನೇ ದಾರ ಕಟ್ತಾರೇನ್ರಿ?”

ತಂಡೇಲನ ಹೆಬ್ಬೆರಳು ಅಲ್ಲೇ ನಿಂತಿತು. ಮೂರು ಹುರಿಗಳ ಸಮಸಮ ತುದಿಯನ್ನು ಈಗ ಅವನೂ ಕಂಡ. ಅವನ ಮುಖ ಕೆಂಪಾಯಿತು.

“ಯಾರು ಕಟ್ಟಿದ್ದು?”

“ಈ ಏರಿ ಮೇಲೆ ಹಿಂಗೆ ಕಟ್ಟಾಕೆ ಬರೋನು ಒಬ್ಬನೇ. ಕಲಿಸಿದೋಳು ನಾನು.”

ಮುಂದಿನದು ಬೇಗ ಮುಗಿಯಿತು. ಸಾಹೇಬ ಕೂಗಾಡಲಿಲ್ಲ. ಪಾಲಣ್ಣನ ಕೈಯಿಂದ ಅವನ ಕೆಲಸದ ಚೀಟಿ ಕಸಿದು ಹರಿದ. ಹಗ್ಗ ಚೆನ್ನಾಗಿದೆ, ಇನ್ನೂ ಬೇಕು ಎಂದು ತಂಡೇಲನ ಬಾಯಲ್ಲಿ ಹೇಳಿಸಿದ. ಎರಡು ಊರಿನ ಬಿಡುವಿನ ಗೊಂದಲವನ್ನು ಗಾದ್ರಮ್ಮ ತಂಡೇಲನಿಗೆ ಬಿಡಿಸಿ ಹೇಳಿದ ಮೇಲೆ, ಇನ್ನು ಮೇಲೆ ಬಿಡು ಎನ್ನಬಾರದು, ಸಡ್ಲು ಎನ್ನಬೇಕು ಎಂದೂ ಅಂದೇ ತೀರ್ಮಾನವಾಯಿತು. ಗಿಡ್ಡಪ್ಪ ಯಾರೂ ಹೇಳದೆ ತನ್ನ ಸುರುಳಿಯನ್ನು ಹೆಗಲಿಗೆ ಏರಿಸಿಕೊಂಡು, ಗಾಡಿ ಹೂಡಲು ಹೋದ.

ಗಾದ್ರಮ್ಮನ ಹೆಸರು ಉಳಿಯಿತು. ಅವಳಿಗೆ ಖುಷಿಯಾಗಬೇಕಿತ್ತು. ಕೊಯ್ದ ತುದಿಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು ಏರಿ ಇಳಿದಳು.

ಪಾಲಣ್ಣ ಹಿಂದೆ ಓಡಿ ಬಂದ. ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ.

“ಅಕ್ಕಾ, ಆಗಿದ್ದು ಆಗೋತು. ಬುದ್ಧಿ ಕೆಟ್ಟಿತ್ತು. ಬಿಡಕ್ಕ.”

ಅವಳು ಗಾಡಿಯ ಮೂಕಿಯ ಮೇಲೆ ಕೈಯಿಟ್ಟು ನಿಂತಳು.

“ಯಾವ ಬಿಡು ಅಂತೀಯೋ ಪಾಲ? ಸೊಕ್ಕೇದಾ, ಸಾಸ್ವೆಹಳ್ಳೀದಾ?”

ಅವನಿಗೆ ಅರ್ಥವಾಯಿತು. ಮೂವತ್ತು ವರ್ಷ ಅವಳು ಅವನಿಗೆ ಸೊಕ್ಕೆಯ ಬಿಡುವನ್ನೇ ಕೊಟ್ಟಿದ್ದಳು. ಎಷ್ಟು ದೂರ ಹೋದರೂ ಸಡಿಲಿಸಿದ್ದಳು, ತುದಿಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡಿದ್ದಳು.

“ನಿಮ್ಮೂರಿನ ಬಿಡು ಹೆಂಗೆ ಅಂತ ನೀನೇ ಕಲಿಸಿದಿ ಕಣೋ,” ಎಂದಳು. “ಬಿಟ್ಟೆ, ಹೋಗು.”

ಗಿಡ್ಡಪ್ಪ ಎತ್ತುಗಳನ್ನು ಎಬ್ಬಿಸಿದ. ಗಾದ್ರಮ್ಮ ಗಾಡಿ ಹತ್ತಿ ಅವನ ಸುರುಳಿಗೆ ಒರಗಿ ಕೂತಳು. ಕೆರೆಬಿಳಚಿ ದಾಟುವವರೆಗೂ ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ.