ಹಾಲು ಇಳಿದ ಊರುಗಳು

೨೦೦೪ರಲ್ಲಿ ವನಜಾಕ್ಷಿ ತುಮಕೂರಿನ ಬಟವಾಡಿಯಲ್ಲಿದ್ದ ಒಂದು ಖಾಸಗಿ ಡೇರಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಎರಡು ಹೊತ್ತೂ ಅಳೆದ ಹಾಲಿನ ವಿವರ ಟೆಲಿಫೋನ್ ಲೈನಿನಲ್ಲಿ ಬಂದು ಅವಳ ಸರ್ವರ್ ಸೇರುತ್ತಿತ್ತು.

ಒಳಗೆ ಬರುವುದೇನೋ ಸಲೀಸು, ಹೊರಗೆ ತೆಗೆಯುವುದೇ ಕಷ್ಟ. ಊರುವಾರು ರಿಪೋರ್ಟ್ ಕೇಳಿದರೆ ಸರ್ವರ್ ಮಧ್ಯಾಹ್ನದವರೆಗೆ ಏದುಸಿರು ಬಿಡುತ್ತಿತ್ತು. ಅಷ್ಟು ಹೊತ್ತೂ ಕುಣಿಗಲ್ ಕೇಂದ್ರದ ಅಂಜನಮೂರ್ತಿ ಫೋನಿನಲ್ಲಿ ಕೂಗಾಡುತ್ತಿದ್ದ.

"ಮೇಡಂ, ಸ್ಕ್ರೀನ್ ನಿಂತೋಯ್ತು. ಹಾಲಿನ ಗಾಡಿ ಸಾಲಾಗಿ ನಿಂತವೆ. ಆ ರಿಪೋರ್ಟ್ ಬುಟ್ಬುಡಿ ಅತ್ಲಾಗೆ!"

ಹಾಗಾಗಿ ತಿಂಗಳಿಗೊಮ್ಮೆ ಬಿಟ್ಟರೆ ಯಾರೂ ರಿಪೋರ್ಟ್ ಕೇಳುತ್ತಲೇ ಇರಲಿಲ್ಲ. ಮ್ಯಾನೇಜರ್ ಸೋಮಶೇಖರ್ ದೊಡ್ಡ ಸರ್ವರ್ ತರಿಸುವ ಮಾತೆತ್ತಿದಾಗ ವನಜಾಕ್ಷಿ, "ತಡೀರಿ ಸಾರ್, ಇದು ಅಷ್ಟು ಹೊತ್ತು ಏನ್ ಓದ್ತಾ ಕೂತಿರುತ್ತೆ ನೋಡ್ತೀನಿ" ಅಂದಳು.

ನೋಡಿದರೆ, ಒಂದು ಊರಿನ ಒಂದು ವಾರದ ಹಾಲು ಕೇಳಿದರೂ ಅದು ಎಲ್ಲ ಊರುಗಳ, ಎಲ್ಲ ವರ್ಷಗಳ ನಮೂದನ್ನು ಮೊದಲಿನಿಂದ ಓದುತ್ತಿತ್ತು. ಮುಂದಿನ ಊರಿಗೆ ಮತ್ತೆ ಮೊದಲಿನಿಂದ. ಅವಳು ಊರು ಮತ್ತು ತಾರೀಖಿನ ಮೇಲೆ ಇಂಡೆಕ್ಸ್ ಕಟ್ಟಿದಳು. ಇನ್ನು ಬೇಕಾದ ಜಾಗಕ್ಕೇ ನೇರವಾಗಿ ಹೋಗಬಹುದು. ದಿನದ ಹಾಲು ಬಂದು ಮುಗಿದ ಮೇಲೆ ಪ್ರತಿ ಊರಿನ ಮೊತ್ತ ತಾನಾಗಿಯೇ ಟೇಬಲ್ ಎಂಬ ಒಂದು ಸಣ್ಣ ಪಟ್ಟಿಗೆ ಸೇರುವಂತೆ ಮಾಡಿದಳು. ಅದರ ನಕಲನ್ನು ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ಹಾಕಿ, ರಿಪೋರ್ಟೆಲ್ಲ ಅಲ್ಲಿಂದಲೇ ತೆಗೆಯುವಂತೆ ಮಾಡಿದಳು. ಸರ್ವರಿಗೆ ಆ ಗೊಡವೆಯೇ ಬೇಡ.

ಮೊದಲ ಸಲ ಎಂಟರ್ ಒತ್ತಿ, ಕಾಫಿ ತರೋಣವೆಂದು ಕುರ್ಚಿ ಹಿಂದಕ್ಕೆ ತಳ್ಳಿದಳು. ಏಳುವಷ್ಟರಲ್ಲಿ ರಿಪೋರ್ಟ್ ಬಂದಿತ್ತು. ಎಲ್ಲೋ ತಪ್ಪಾಗಿದೆ ಅಂದುಕೊಂಡು ಹಳೇ ರಿಪೋರ್ಟಿನೊಂದಿಗೆ ಸಾಲು ಸಾಲಾಗಿ ತಾಳೆ ನೋಡಿದಳು. ಎಲ್ಲವೂ ಸರಿಯಾಗಿತ್ತು. ಅವಳು ಮತ್ತೊಮ್ಮೆ ಎಂಟರ್ ಒತ್ತಿ ನೋಡಿದಳು.

ಆ ವಾರವೇ ಡೇರಿಯ ಪಶುವೈದ್ಯ ಡಾಕ್ಟರ್ ಅಡವಿಯಪ್ಪ ಧೂಳು ಮೆತ್ತಿದ ಬೂಟಿನಲ್ಲೇ ಒಳಗೆ ಬಂದರು. ಯಡಿಯೂರು ದಿಕ್ಕಿನ ಹುಣಸೇಕಟ್ಟೆಯಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು.

"ಜ್ವರ ತಗುಲಿದ್ರೆ ಹಸು ಹಾಲು ಕಮ್ಮಿ ಮಾಡುತ್ತೆ. ಆ ಊರಿನ ಹಾಲು ಯಾವತ್ತಿಂದ ಇಳೀತು, ಸಿಗುತ್ತಾ?"

ಸಿಕ್ಕಿತು. ಡಾಕ್ಟರಿಗೆ ಜ್ವರದ ಸುದ್ದಿ ಮುಟ್ಟುವ ಮೊದಲೇ ಹಾಲು ಇಳಿಯತೊಡಗಿತ್ತು.

"ಪಕ್ಕದೂರಿಂದು?"

ಅದೂ ಸಿಕ್ಕಿತು. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಒಂದರ ಹಿಂದೆ ಒಂದು ಊರು ಕೇಳುತ್ತಾ ಹೋದರು. ಎಲ್ಲವೂ ಒಂದೇ ಕೆರೆಯ ದಡದ ಊರುಗಳು, ದನಗಳು ನೀರು ಕುಡಿಯುವುದೂ ಅಲ್ಲೇ. ಹಾಲು ಮೊದಲು ಕೆರೆಯ ಮೇಲ್ಗಡೆ ಊರಿನಲ್ಲಿ ಇಳಿದಿತ್ತು, ಆಮೇಲೆ ಹುಣಸೇಕಟ್ಟೆಯಲ್ಲಿ, ಆಮೇಲೆ ಅದರ ಕೆಳಗಿನ ಊರಿನಲ್ಲಿ. ಕಣ್ಣಿಗೆ ಕಾಣದ ಜ್ವರ ದಡ ಹಿಡಿದು ನಡೆದುಬಂದ ದಾರಿ ಪರದೆಯ ಮೇಲಿತ್ತು.

"ಮುಂದಿಂದು ಕೆಂಚನಪಾಳ್ಯ" ಎಂದರು ಡಾಕ್ಟರು ಮೆಲ್ಲಗೆ. ಅಲ್ಲಿ ಹಾಲು ಇನ್ನೂ ಇಳಿದಿರಲಿಲ್ಲ. "ಮೇಡಂ, ನಾನು ನೌಕರಿಗೆ ಸೇರ್ದಾಗಿಂದ ಈ ಜ್ವರದ ಹಿಂದೇನೇ ಓಡ್ತಾ ಇದೀನಿ. ಯಾವತ್ತೂ ಅದಕ್ಕಿಂತ ಮುಂದೆ ಹೋಗಿರ್ಲಿಲ್ಲ. ನೀವೂ ಬನ್ನಿ."

ಜೀಪು ಕೆಂಚನಪಾಳ್ಯ ಸೇರಿದಾಗ ಮಹಾಲಕ್ಷ್ಮಮ್ಮ ಎಂಬಾಕೆ ಕೊಟ್ಟಿಗೆಯ ಬಾಗಿಲಿಗೇ ಅಡ್ಡ ನಿಂತಳು.

"ಗಬ್ಬದ ಹಸ ಕಣಪ್ಪ. ಚೆನ್ನಾಗೇ ಅದೆ. ಸೂಜಿ ಯಾಕೆ? ನಮ್ಮೂರಿಗೆ ಜ್ವರ ಬತ್ತದೆ ಅಂತ ನಿಮಗ್ಯಾರು ಹೇಳಿದ್ದು?"

ಡಾಕ್ಟರು ವನಜಾಕ್ಷಿಯ ಕಡೆ ನೋಡಿದರು. ಅವಳಿಗೆ ಸರ್ವರ್, ಟೇಬಲ್ ಅಂತೆಲ್ಲ ಹೇಳಲು ಬಾಯಿ ಬರಲಿಲ್ಲ.

"ಸುತ್ತಲ ಊರಲ್ಲಿ ಹಾಲು ಇಳೀತಾ ಬಂತಲ್ಲಮ್ಮ, ಅದೇ ಹೇಳ್ತು. ನೀವು ಅಳೆದಿದ್ದೆಲ್ಲ ನಮ್ಮ ಹತ್ರ ಇದೆ."

"ಹಾಲು ಹೇಳ್ತಾ?" ಮಹಾಲಕ್ಷ್ಮಮ್ಮ ಅವಳನ್ನೇ ದಿಟ್ಟಿಸಿದಳು. ಆಮೇಲೆ ಪಕ್ಕಕ್ಕೆ ಸರಿದು, "ಮೆತ್ತಗೆ ಚುಚ್ಚಪ್ಪ" ಎಂದು ಹಸುವಿನ ಕೊರಳು ತಬ್ಬಿ ನಿಂತಳು.

ಊರಿನ ದನಗಳಿಗೆಲ್ಲ ಲಸಿಕೆಯಾಯಿತು. ಡಾಕ್ಟರು ಹೇಳಿದಂತೆ ಎಲ್ಲರೂ ದನಗಳನ್ನು ಕೆರೆಗೆ ಬಿಡದೆ ಮನೆ ಮುಂದೆಯೇ ನೀರು ಕುಡಿಸತೊಡಗಿದರು.

ಹುಣಸೇಕಟ್ಟೆಯಲ್ಲಿ ಕರುಗಳು ಸತ್ತವು. ಆ ಊರಿಗೆ ಅವರು ಹೋಗಿದ್ದೇ ತಡವಾಗಿತ್ತು. ಕೆಂಚನಪಾಳ್ಯದಲ್ಲೂ ಕೆಲವು ಹಸು ಜೊಲ್ಲು ಸುರಿಸಿ ಮೇವು ಬಿಟ್ಟವು. ಆದರೆ ಊರಿನ ಹಾಲಿನ ಲೆಕ್ಕ ಸ್ವಲ್ಪ ಇಳಿದು ಅಲ್ಲಿಗೇ ನಿಂತಿತು. ಕೆರೆಯಿಂದಾಚೆಗೆ ಜ್ವರ ದಾಟಲಿಲ್ಲ. ಮಹಾಲಕ್ಷ್ಮಮ್ಮನ ಹಸು ದಿನ ತುಂಬಿ ಹೆಣ್ಣುಗರು ಹಾಕಿತೆಂದು ಅಂಜನಮೂರ್ತಿ ಫೋನಿನಲ್ಲಿ ಹೇಳಿದ.

ಆ ಫೋನ್ ಬಂದ ಬೆಳಿಗ್ಗೆ ವನಜಾಕ್ಷಿ ಎರಡೂ ತಾಲ್ಲೂಕಿನ ಊರುಗಳನ್ನು ಒಟ್ಟಿಗೆ ಪರದೆಗೆ ಕರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಂತವು. ಪ್ರತಿ ಅಂಕಿಯ ಹಿಂದೆ ಯಾರೋ ಕೊಟ್ಟಿಗೆಯಲ್ಲಿ ಕೂತು ಕೆಚ್ಚಲು ತೊಳೆದು ಕರೆದ ಹಾಲಿತ್ತು. ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಬಹಳ ಹೊತ್ತು ಹಾಗೇ ನೋಡುತ್ತಾ ಕುಳಿತಳು.