ಚುಕ್ಕಿಯಿಲ್ಲದ ಬಾಲ

ಜನಾಜಾಕ್ಕೆ ಹೆಗಲು ಕೊಟ್ಟು ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೇ, ಸಮಾಧಿಯ ಆಚೆ ಮೀನುಗಾರಿಕೆ ರೇಂಜರ್ ನಿಂತಿರುವುದು ಅಜರ್‌ನ ಕಣ್ಣಿಗೆ ಬಿತ್ತು. ಹೆಗಲ ಮೇಲಿನ ಶವದ ಪೆಟ್ಟಿಗೆ ವಾಲಿತು.

"ನೆಟ್ಟಗೆ ಹಿಡಿಯೋ," ಹಿಂದಿನಿಂದ ಹಾರೂನ್ ಗದರಿದರು.

ತೀರಿಕೊಂಡ ಖುರ್ಷಿದ್ ಈ ಹಾರೂನ್‌ರ ಅಣ್ಣ. ಈ ಪರದೇಶದ ಹಾರ್ನ್‌ಬಿ ಎಂಬಲ್ಲಿನ ಗೋದಾಮಿನಲ್ಲಿ ಹದಿನೈದು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದವರು, ಮೊನ್ನೆ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಅಜರ್ ಬಾಡಿಗೆಗಿದ್ದ.

"ಬಾಲ ನೋಡಿ ಮೀನಿನ ಕುಲಗೋತ್ರ ಹೇಳೋನು," ಎಂದ ಗೋದಾಮಿನ ತಿಪ್ಪೇಸ್ವಾಮಿ. "ನನ್ನ ಮಾತ್ರ ಕೊನೇತನಕ ತಿಮ್ಮಪ್ಪ ಅಂತಲೇ ಕರೆದ."

ಹಾರೂನ್ ನಗಲಿಲ್ಲ. "ಅಂಥೋನು ಹೊಡೀಬಾರದ ಆ ಬ್ರೌನ್ ಟ್ರೌಟ್ ಮೀನು ಯಾಕೆ ಹೊಡೆದ? ಬರೋ ಮಂಗಳವಾರ ಕೋರ್ಟಿತ್ತು. ಕಳ್ಳ ಅನ್ನಿಸ್ಕೊಂಡೇ ಮಣ್ಣಿಗೆ ಹೊಂಟಾನೆ."

*

ಹೋದ ತಿಂಗಳು ಖುರ್ಷಿದ್ ಮತ್ತು ಅಜರ್ ಗಾಳ ಹಾಕಿದ್ದ ಹೊಳೆಯಲ್ಲಿ ರೇನ್‌ಬೋ ಟ್ರೌಟ್ ಸಿಕ್ಕರೆ ಮನೆಗೆ ಒಯ್ಯಬಹುದು; ಬ್ರೌನ್ ಆದರೆ ಜೀವಂತ ಬಿಡಬೇಕು. ಅಜರ್‌ನ ಗಾಳಕ್ಕೆ ಬಿದ್ದದ್ದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬ್ರೌನ್ ಅಂದಮೇಲೆ ಕಂದುಬಣ್ಣದ್ದೇ ಇರಬೇಕೆಂದು ಅವನ ಎಣಿಕೆ. ಇದು ರೇನ್‌ಬೋ ಎಂದುಕೊಂಡು ಕಲ್ಲಿನಿಂದ ತಲೆಗೆ ಬಡಿದ.

ಖುರ್ಷಿದ್ ಓಡಿಬಂದು ಬಾಲವನ್ನು ಬೀಸಣಿಗೆಯಂತೆ ಬಿಡಿಸಿದರು. "ಸರೋವರದಿಂದ ಬಂದ ಬ್ರೌನೂ ಬೆಳ್ಳಗೇ ಇರ್ತೈತಪ್ಪ. ಬಣ್ಣ ನಂಬಬ್ಯಾಡ, ಬಾಲ ನೋಡು ಅಂತ ಎಷ್ಟು ಸಲ ಹೇಳೀನಿ? ರೇನ್‌ಬೋ ಆಗಿದ್ರೆ ಬಾಲದ ತುಂಬ ಚುಕ್ಕಿ. ಇಲ್ಲಿ ಒಂದಾದ್ರೂ ಐತೇನು?"

"ಚಾಚಾ, ಈಗ ಏನ್ ಮಾಡೋದು?"

ಬೆನ್ನ ಹಿಂದೆ ಬೂಟಿನ ಸದ್ದು. "ಯಾರದಿದು?" ಎಂದ ರೇಂಜರ್.

ಇಲ್ಲೇ ನೆಲೆಸಲು ಅಜರ್ ಹಾಕಿದ್ದ ರೆಸಿಡೆನ್ಸಿ ಅರ್ಜಿ ಇನ್ನೂ ಇಮಿಗ್ರೇಶನ್ ಕಚೇರಿಯಲ್ಲಿತ್ತು. ಕೇಸು ಬಿದ್ದರೆ ಊರಿಗೆ ವಾಪಸ್ಸು. ಅವನು ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ನೀರಿಗೆ ಬಿಟ್ಟ.

"ನಂದು," ಎಂದರು ಖುರ್ಷಿದ್.

*

ಮಣ್ಣು ಹಾಕುವ ಮೊದಲು ಹಾರೂನ್ ರೂಢಿಯಂತೆ ಎಲ್ಲರಿಗೂ ಕೈಮುಗಿದರು. "ನಮ್ಮಣ್ಣನಿಂದ ಯಾರಿಗಾದ್ರೂ ತಪ್ಪಾಗಿದ್ರೆ ಮಾಫ್ ಮಾಡ್ಬಿಡಿ." ಆಮೇಲೆ ರೇಂಜರ್‌ನತ್ತ ತಿರುಗಿ ಇಂಗ್ಲಿಷಿನಲ್ಲಿ, "ನೀವೂ ಸಾರ್. ಆ ಮೀನಿನ ವಿಷಯ," ಎಂದರು.

ರೇಂಜರ್ ಟೋಪಿ ತೆಗೆದು ತಲೆಯಾಡಿಸಿದ. "ಅದು ಅವರೊಂದಿಗೇ ಮುಗಿಯಿತು. ಒಳ್ಳೆಯ ಮನುಷ್ಯ. ನಾನು ಅದನ್ನು ಹೇಳಲೆಂದೇ ಬಂದೆ."

ಮುಗಿಯಿತು. ಸತ್ತವರ ಮೇಲೆ ಕೇಸಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಜರ್ ತಲೆಯೆತ್ತಿ ನೋಡಿದ. ಹಾರೂನ್ ಇನ್ನೂ ಕೈಮುಗಿದೇ ನಿಂತಿದ್ದರು.

"ಅದನ್ನು ಹೊಡೆದದ್ದು ನಾನು," ಎಂದ ಅಜರ್. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, ಇಂಗ್ಲಿಷಿನಲ್ಲಿ.

ರೇಂಜರ್ ಟೋಪಿ ಹಾಕಿಕೊಂಡು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಪೂರ್ತಿ ಹೆಸರು ಕೇಳಿದ.

ಅಜರ್ ಒಂದೊಂದೇ ಅಕ್ಷರ ಹೇಳತೊಡಗಿದ. ಪಕ್ಕದಲ್ಲಿ ಹಾರೂನ್ ಬಗ್ಗಿ ಎತ್ತಿಕೊಂಡ ಹಿಡಿಮಣ್ಣು ಸಮಾಧಿಗೆ ಬೀಳದೆ, ಅವರ ಬೆರಳ ಸಂದಿಯಿಂದ ಅವರದೇ ಬೂಟಿನ ಮೇಲೆ ಸುರಿಯುತ್ತಿತ್ತು.